ಯಂಕವ್ವನ ಮನೆಗೆ ಹೋದ ರೊಟ್ಟಿ

ನನಗೆ ಸಿಟ್ಟು ಬೇಗ ಬರುತ್ತದೆ. ಸರ್ಕಾರಿ ನೌಕರಿಯಲ್ಲಿ ಸಿಟ್ಟಿಗೆ ಜಾಗವಿಲ್ಲ ಎಂದು ತಿಳಿದ ಮೇಲೆ ಒಂದು ಉಪಾಯ ಕಂಡುಕೊಂಡೆ. ಯಾವ ಫಾರಂ ಬಂದರೂ ನಡುವಿನ ಕಾಲಮ್ಮಿಗೆ ಟಿಕ್ ಹಾಕಿ ಕೈತೊಳೆದುಕೊಳ್ಳುವುದು.

2006ರ ಜೂನ್ ತಿಂಗಳಲ್ಲಿ ಧಾರವಾಡದಲ್ಲಿ ನಡೆದ ಎರಡು ದಿನದ ತರಬೇತಿಯಲ್ಲಿ ಈ ಉಪಾಯ ನನಗೆ ಹೆಸರನ್ನೇ ತಂದುಕೊಟ್ಟಿತು. ಅತ್ಯಾಚಾರದಂಥ ಅಪರಾಧ ಮಾಡಿದವರ ಬಗ್ಗೆ ಪೊಲೀಸರು, ಜೈಲಿನವರು, ನಮ್ಮಂಥ ಪ್ರೊಬೇಷನ್ ಅಧಿಕಾರಿಗಳು ಏನು ಅಂದುಕೊಂಡಿದ್ದೇವೆ ಎಂದು ಅಳೆಯಲು ಮೂವತ್ತಾರು ಹೇಳಿಕೆಗಳ ಒಂದು ಹಾಳೆ ಕೊಟ್ಟರು. 'ಇಂಥವರು ಎಂದಿಗೂ ಬದಲಾಗುವುದಿಲ್ಲ.' 'ಇಂಥವರನ್ನು ಮುಖ ನೋಡಿದರೇ ಗುರುತಿಸಬಹುದು.' 'ಇಂಥವರು ಪಕ್ಕದ ಮನೆಯಲ್ಲಿದ್ದರೆ ನನ್ನದೇನೂ ಅಡ್ಡಿಯಿಲ್ಲ.' ಪ್ರತಿಯೊಂದರ ಮುಂದೆ ಐದು ಚೌಕಗಳು. ನಡುವಿನ ಚೌಕ 'ಹೇಳಲಾರೆ'. ಮೂವತ್ತಾರಕ್ಕೂ ಹೇಳಲಾರೆ ಎಂದು ಗೀಚಿ ಚಹಾ ಕುಡಿಯಲು ಎದ್ದೆ. ಎರಡನೇ ದಿನ ಅದೇ ಹಾಳೆ ಮತ್ತೆ ಕೊಟ್ಟರು. ಮತ್ತೆ ಹೇಳಲಾರೆ. ತರಬೇತಿ ಕೊಟ್ಟ ಸಾಹೇಬರು ನನ್ನ ಹಾಳೆಯನ್ನು ಎಲ್ಲರೆದುರು ಎತ್ತಿ ಹಿಡಿದು, "ವಾಣಿಶ್ರೀ ಅವರಲ್ಲಿ ಎಷ್ಟು ಸಮತೋಲನ ಇದೆ ನೋಡಿ" ಎಂದರು. ನಾನು ತಲೆ ತಗ್ಗಿಸಿ ವಿನಯ ತೋರಿಸಿದೆ.

ಜುಲೈ ಕೊನೆಗೆ ಕೊಪ್ಪಳದ ಕಚೇರಿಯಲ್ಲಿ ನನ್ನ ಮೇಜಿಗೆ ಒಂದು ಫೈಲು ಬಂತು. ಯಲಬುರ್ಗಾ ತಾಲೂಕಿನ ಯಮನೂರ ಎಂಬವನು ಆರು ವರ್ಷದಿಂದ ಬಳ್ಳಾರಿ ಜೈಲಿನಲ್ಲಿದ್ದ. ತನ್ನೂರಿನ ಪಕ್ಕೀರವ್ವ ಎಂಬ ಹೆಣ್ಣುಮಗಳು ಹೊಲದಲ್ಲಿ ಒಬ್ಬಳೇ ಇದ್ದಾಗ ಅವಳ ಮೇಲೆ ಅತ್ಯಾಚಾರ ಮಾಡಿದ್ದ. ಹತ್ತು ವರ್ಷದ ಶಿಕ್ಷೆಯಾಗಿತ್ತು. ಈಗ ಮೂವತ್ತು ದಿನದ ಪೆರೋಲ್ ಕೇಳಿದ್ದ. ಅರ್ಜಿಯಲ್ಲಿ ಕಾರಣ ಬರೆಸಿದ್ದ: 'ತಾಯಿ ಯಂಕವ್ವ ವೃದ್ಧೆ, ಹಾಸಿಗೆ ಹಿಡಿದಿದ್ದಾಳೆ, ನೋಡಿಕೊಳ್ಳುವವರು ಯಾರೂ ಇಲ್ಲ.' ನಾನು ಊರಿಗೆ ಹೋಗಿ ನೋಡಿ 'ತಾಯಿಯ ಪರಿಸ್ಥಿತಿ' ಮತ್ತು 'ಗ್ರಾಮಸ್ಥರ ಅಭಿಪ್ರಾಯ' ಎಂಬ ಎರಡು ಕಾಲಂ ತುಂಬಿ ಕಳಿಸಬೇಕಿತ್ತು.

ಹೋದದ್ದು ರೊಟ್ಟಿ ಪಂಚಮಿಯ ದಿನ. ಅದು ನನಗೆ ಗೊತ್ತಿರಲಿಲ್ಲ. ನಾನು ಕಾರಟಗಿಯವಳು. ಕಾಲುವೆ, ಭತ್ತ, ಅಕ್ಕಿ ಮಿಲ್ಲು, ಮೂರು ಹೊತ್ತು ಅನ್ನ. ರೊಟ್ಟಿಗೇ ಒಂದು ಹಬ್ಬ ಇದೆ ಎಂದು ಕೇಳಿದ್ದೆನೇ ಹೊರತು ಕಂಡಿರಲಿಲ್ಲ. ತಳಕಲ್ಲಿನಲ್ಲಿ ಬಸ್ಸಿಳಿದಾಗ ನನಗಾಗಿ ಕಾಯುತ್ತಿದ್ದ ಹೆಡ್ ಕಾನ್‌ಸ್ಟೇಬಲ್ ಹುಸೇನಪ್ಪ ಮುಖವರಳಿಸಿ, "ಛಲೋ ದಿನಾ ನೋಡಿ ಬಂದ್ರಿ ಮೇಡಂ" ಎಂದ. ಅಲ್ಲಿಂದ ಊರಿಗೆ ಮೂರು ಕಿಲೋಮೀಟರ್ ನಡಿಗೆ. ಎರೆ ಮಣ್ಣು ಚಪ್ಪಲಿಗೆ ಮೆತ್ತಿ ಒಂದೊಂದು ಕಾಲೂ ಎರಡೆರಡು ಸೇರು ಭಾರವಾಯಿತು. ದಾರಿಯುದ್ದಕ್ಕೂ ಹುಸೇನಪ್ಪ ಹಬ್ಬದ ಪಾಠ ಮಾಡಿದ. ಈ ದಿನ ಪ್ರತಿ ಮನೆಯಲ್ಲೂ ಜೋಳದ ರೊಟ್ಟಿ, ಸಜ್ಜೆ ರೊಟ್ಟಿ ರಾಶಿ ಬೀಳುತ್ತವೆ. ಗಂಗಾಳ ಎಂಬ ಅಗಲ ತಟ್ಟೆಯಲ್ಲಿ ರೊಟ್ಟಿ, ಅದರ ಮೇಲೆ ಪಲ್ಯ, ಚಟ್ನಿ ಇಟ್ಟು ಒಬ್ಬರ ಮನೆಯಿಂದ ಇನ್ನೊಬ್ಬರ ಮನೆಗೆ ಕೊಡುತ್ತಾರೆ. ಹೋದ ಗಂಗಾಳ ಬರಿದಾಗಿ ತಿರುಗಿ ಬರಬಾರದು, ಆ ಮನೆಯ ರೊಟ್ಟಿ ಅದರಲ್ಲಿ ಬರಬೇಕು. ಸಂಜೆಯ ಹೊತ್ತಿಗೆ ಯಾರ ಮನೆಯಲ್ಲಿ ಯಾರ ರೊಟ್ಟಿ ಇದೆ ಎಂದು ದೇವರಿಗೂ ತಿಳಿಯುವುದಿಲ್ಲ.

"ನಿಮ್ಮ ಪೊಲೀಸ್ ರಿಪೋರ್ಟ್ ಆಯ್ತಾ?" ಎಂದೆ.

"ಮೊನ್ನೇನ ಮುಗಿಸೀನ್ರಿ. ಗ್ರಾಮಸ್ಥರದು ಏನೂ ತಕರಾರು ಇಲ್ಲ ಅಂತ ಬರ್ದೀನಿ."

"ಯಾರನ್ನ ಕೇಳಿದ್ರಿ?"

"ಅಮರಪ್ಪ ಸಾವಕಾರ್ರನ್ನ ಕೇಳೀನ್ರಿ. ಅವರನ್ನ ಕೇಳಿದ್ರ ಊರನ್ನ ಕೇಳಿದಂಗ."

ಅಮರಪ್ಪ ಸಾವಕಾರರು ಪಡಸಾಲೆಯಲ್ಲಿ ಲೋಡಿಗೆ ಒರಗಿ ಕೂತಿದ್ದರು. ಊರಿನ ಹಿರಿಯರು, ಧಾನ್ಯದ ವ್ಯಾಪಾರಿ. "ಹುಡುಗ ಮೊದಲು ಛಲೋನ ಇದ್ದ ನೋಡ್ರಿ" ಎಂದು ಶುರು ಮಾಡಿದರು. "ಮುಖ ನೋಡಿದ್ರ ಹಂಗ ಮಾಡೂ ಪೈಕಿ ಅಂತ ಅನಿಸ್ತಿದ್ದಿಲ್ಲ. ಆಗೂದು ಆಗಿಹೋತು. ಒಂದು ತಿಂಗಳು ಬಂದು ಹೋಗ್ಲಿ ಬಿಡ್ರಿ."

ಅಡುಗೆಮನೆಯಿಂದ ಅವರ ಹೆಂಡತಿ ಕಳಕಮ್ಮನ ದನಿ ಬಂತು. "ಮುಖ ನೋಡಿ ಏನ ಮಾಡ್ತೀರಿ? ಅವನ್ನ ನೇಣಿಗೆ ಹಾಕಬೇಕಿತ್ತು."

ಗಂಡ ಮೊದಲ ಚೌಕ, ಹೆಂಡತಿ ಐದನೇ ಚೌಕ. ನಾನು ಎಂದಿನಂತೆ ನಡುವೆ ಕೂತು ಎಣಗಾಯಿ ಪಲ್ಯ ತಿಂದೆ. ಊಟ ಬಡಿಸುತ್ತಿದ್ದ ಕಳಕಮ್ಮನನ್ನು, ಯಂಕವ್ವ ಹೇಗಿದ್ದಾಳೆ ಎಂದು ಕೇಳಿದೆ.

"ಅಂಥಾ ಮಗನ್ನ ಹಡದ ಮನೀಗೆ ನಾವು ಹೋಗಂಗಿಲ್ರಿ. ಆರು ವರ್ಷ ಆತು, ಆ ಮನೀಗೆ ಊರಾಗ ಯಾರೂ ರೊಟ್ಟಿ ಕೊಟ್ಟಿಲ್ಲ."

ಹುಸೇನಪ್ಪ ಎರಡನೇ ಸುತ್ತಿನ ಊಟಕ್ಕೆ ಅಲ್ಲೇ ಉಳಿದ. ನಾನು ಪಕ್ಕದ ಹೊಳಿಯಮ್ಮನ ಮನೆಗೆ ಹೋದೆ. ಯಂಕವ್ವನ ಹೆಸರೆತ್ತಿದ ಕೂಡಲೇ ಹೊಳಿಯಮ್ಮ ಸೆರಗು ಬಿಗಿದು ನಿಂತಳು. "ಹಡದ ಮಗನ ಮ್ಯಾಲ ಕೋರ್ಟಿನಾಗ ಸಾಕ್ಷಿ ಹೇಳಿದಾಕಿ ಆಕಿ. ಅಂಥಾಕೀಗೆ ತಾಯಿ ಅಂತಾರೇನ್ರಿ? ಆ ಮನೀಗೆ ರೊಟ್ಟಿ ಹ್ಯಾಂಗ ಕೊಡೂದು?"

ಫೈಲಿನಲ್ಲಿ ಅದನ್ನು ಓದಿದ್ದೆ. ಅವತ್ತು ಮಗ ಅಂಗಿ ಹರಿದುಕೊಂಡು, ಕುತ್ತಿಗೆಯ ಮೇಲೆ ಉಗುರಿನ ಗೀರು ಹೊತ್ತು ಮನೆಗೆ ಬಂದದ್ದನ್ನು ಯಂಕವ್ವ ಕಂಡಿದ್ದಳು. ಪೊಲೀಸರ ಮುಂದೆ ಹೇಳಿದಳು, ಕೋರ್ಟಿನಲ್ಲೂ ಹೇಳಿದಳು. ಆ ಸಾಕ್ಷಿಯ ಮೇಲೇ ಶಿಕ್ಷೆ ನಿಂತಿತ್ತು. ಈಗ ನೋಡಿದರೆ ಒಂದು ಮನೆಗೆ ಅವಳು ಅಂಥವನ ತಾಯಿ, ಪಕ್ಕದ ಮನೆಗೆ ಅವಳು ತಾಯಿಯೇ ಅಲ್ಲ. ಎರಡೂ ಮನೆಯವರು ಕೂಡಿ ಮಾತಾಡಿಕೊಂಡಿರಲಿಲ್ಲ, ಆದರೂ ಶಿಕ್ಷೆ ಒಂದೇ ಕೊಟ್ಟಿದ್ದರು. ನನಗೆ ಸಿಟ್ಟು ಬಂತು. ನುಂಗಿಕೊಂಡೆ.

ನಾಲ್ಕು ಮನೆ ಮುಗಿಯುವಷ್ಟರಲ್ಲಿ ಗ್ರಾಮಸ್ಥರ ಅಭಿಪ್ರಾಯಕ್ಕಿಂತ ಹೆಚ್ಚಾಗಿ ರೊಟ್ಟಿಗಳೇ ಕೂಡಿದ್ದವು. ಹಬ್ಬದ ದಿನ ಮನೆಗೆ ಬಂದವಳನ್ನು ಬರಿಗೈಲಿ ಕಳಿಸುವುದಿಲ್ಲವಂತೆ. ನಾಲ್ಕೂ ಮನೆಯವರು ರೊಟ್ಟಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿ ಕೊಟ್ಟರು. ಆ ಗಂಟನ್ನು ಎದೆಗವಚಿಕೊಂಡು, ಹಾಸಿಗೆ ಹಿಡಿದ ಮುದುಕಿಯನ್ನು ನೋಡಲು ಹೋದೆ.

ಮನೆ ಊರ ಅಂಚಿನಲ್ಲಿತ್ತು, ಹೊಲಕ್ಕೆ ಹೋಗುವ ದಾರಿಯ ಮೇಲೆ. ಬಾಗಿಲು ತೆರೆದಿತ್ತು, ಒಳಗೆ ಯಾರೂ ಇರಲಿಲ್ಲ.

"ಯಂಕವ್ವ ಇದ್ದಾರೇನ್ರಿ?"

"ಮ್ಯಾಲ ನೋಡು, ತಂಗಿ."

ಮಾಳಿಗೆಯ ಮೇಲೆ ಒಬ್ಬ ಮುದುಕಿ ಸೀರೆ ಕಚ್ಚೆ ಹಾಕಿ ನಿಂತು, ಸೋರುವ ಕಡೆ ಮಣ್ಣು ಹಾಕಿ ತುಳಿಯುತ್ತಿದ್ದಳು. ನನ್ನನ್ನು ಕಂಡು ಏಣಿಯಿಂದ ಸರಸರ ಇಳಿದಳು. ಏಣಿಯ ಒಂದು ಮೆಟ್ಟಿಲು ಮುರಿದಿತ್ತು, ಅದನ್ನು ನೋಡದೆಯೇ ದಾಟಿದಳು. ಹಾಸಿಗೆ ಹಿಡಿದವಳು ಹೀಗಿದ್ದರೆ ನಡೆದಾಡುವ ಕಾಲದಲ್ಲಿ ಹೇಗಿದ್ದಳೋ ಎಂದು ಯೋಚಿಸುತ್ತ ಗಂಟನ್ನು ಕಟ್ಟೆಯ ಮೇಲಿಟ್ಟೆ.

ಅವಳು ನನ್ನ ಹೆಸರು ಕೇಳಲಿಲ್ಲ, ಯಾವ ಆಫೀಸು ಎಂದೂ ಕೇಳಲಿಲ್ಲ. ಗಂಟನ್ನೇ ನೋಡಿದಳು.

"ರೊಟ್ಟಿ ಬಂದಾವೇನ ಯವ್ವಾ?"

ಇಲ್ಲ, ಇವು ನನಗೆ ಕೊಟ್ಟದ್ದು ಎನ್ನಬೇಕಿತ್ತು. ಬಾಯಿ ತೆರೆಯುವಷ್ಟರಲ್ಲಿ ಅವಳು ಪೇಪರು ಬಿಚ್ಚಿ ಆಗಿತ್ತು. ಆ ಪೇಪರನ್ನು ಒಂದು ಸಲ ತಿರುವಿ ನೋಡಿದಳು. ಆಮೇಲೆ ಒಂದೊಂದೇ ರೊಟ್ಟಿ ಎತ್ತಿ ಬೆಳಕಿಗೆ ಹಿಡಿದಳು. "ಇದು ಕಳಕಮ್ಮಂದು. ಎಳ್ಳು ಹಚ್ಚಾಕ ಕುಂತ್ರ ನಿಲ್ಲಸಂಗಿಲ್ಲ ಆಕಿ. ಇದು ಹೊಳಿಯಮ್ಮಂದು. ಅಂಚು ಸೀಳ್ಯಾವು ನೋಡು, ಮದಿವ್ಯಾಗಿ ಬಂದಾಗಿಂದ ಹಿಂಗ, ಎಷ್ಟು ಕಲಿಸಿದ್ರೂ ಬರಲಿಲ್ಲ." ಉಳಿದ ಎರಡು ಮನೆಯವರ ರೊಟ್ಟಿಯನ್ನೂ ತಪ್ಪದೆ ಹೇಳಿದಳು. ನಿಜ ಹೇಳಬೇಕೋ ಬೇಡವೋ? ನನ್ನೊಳಗಿನಿಂದ ಬಂದ ಉತ್ತರ ಮತ್ತದೇ, ಹೇಳಲಾರೆ.

"ಪಕ್ಕೀರವ್ವಂದು ಇಲ್ಲ" ಎಂದಳು. ಕೇಳಿದ್ದಲ್ಲ, ತಾನೇ ಹೇಳಿಕೊಂಡದ್ದು.

ಒಳಗಿನಿಂದ ದೊಡ್ಡ ಬುಟ್ಟಿ ಎಳೆದು ತಂದಳು. ಅದರಲ್ಲಿ ಗರಿಗರಿಯಾಗಿ ಒಣಗಿಸಿದ ನಲವತ್ತು ಕಟಿ ರೊಟ್ಟಿಯಾದರೂ ಇದ್ದವು. ಯಾರೂ ಬರುವುದಿಲ್ಲ ಎಂದು ಗೊತ್ತಿದ್ದೂ ಪ್ರತಿ ವರ್ಷ ಇಷ್ಟು ಬಡಿಯುತ್ತಿದ್ದಳಂತೆ. "ಆಮ್ಯಾಲ ದೀಪಾವಳಿತನಕ ನಾನೊಬ್ಬಾಕೀನ ತಿಂತೀನಿ. ಹಲ್ಲು ಅದಕ್ಕ ಇನ್ನೂ ಗಟ್ಟಿ ಅದಾವು" ಎಂದು ನಕ್ಕು, ಬೇಗಬೇಗ ಎಣಿಸಿ ನಾಲ್ಕು ಬಟ್ಟೆಯ ಗಂಟು ಕಟ್ಟಿದಳು. ಒಂದೊಂದನ್ನೂ ಯಾರ ಮನೆಗೆ ಎಂದು ಹೇಳಿ ನನ್ನ ಕೈಗಿಟ್ಟಳು. ಉಳಿದದ್ದನ್ನೆಲ್ಲ ಸೇರಿಸಿ ಐದನೆಯ ಗಂಟು ಕಟ್ಟಿದಳು. ಅದನ್ನು ಕೊಡುವಾಗ ದನಿ ತಗ್ಗಿತು.

"ಇದು ಪಕ್ಕೀರವ್ವಗ. ವರ್ಷಾ ಆಕಿ ಹೆಸರಲೆ ತಗದಿಡ್ತೀನಿ. ಇಸ್ಕೊಳ್ಳಂಗಿಲ್ಲ ಆಕಿ, ನಂಗೊತ್ತು. ಇಸ್ಕೊಳ್ಳದಿದ್ರ ದನಕ್ಕ ಹಾಕು."

ನಾನು ಬಂದ ಕೆಲಸ ಹೇಳಿ ಮಗನ ಅರ್ಜಿ ಓದಿದೆ. 'ಹಾಸಿಗೆ ಹಿಡಿದಿದ್ದಾಳೆ' ಎಂಬಲ್ಲಿ ಅವಳು ನಗಲು ಶುರು ಮಾಡಿದಳು. 'ನೋಡಿಕೊಳ್ಳುವವರು ಯಾರೂ ಇಲ್ಲ' ಎಂಬಲ್ಲಿ ನಗು ನಿಂತಿತು.

"ಮಗ ಬರಲಿ ಅಂತೀರೋ, ಬ್ಯಾಡ ಅಂತೀರೋ?"

"ಮೊದಲು ರೊಟ್ಟಿ ಕೊಟ್ಟು ಬಾ. ಹೊತ್ತು ಮುಳುಗೂದ್ರಾಗ ಕೊಡಬೇಕು. ಆಮ್ಯಾಲ ಹೇಳ್ತೀನಿ."

ಹೀಗೆ ಜಿಲ್ಲಾ ಪ್ರೊಬೇಷನ್ ಅಧಿಕಾರಿ ಐದು ಗಂಟು ಹೊತ್ತು ಬೀದಿಗೆ ಬಂದಳು. ಯಂಕವ್ವ ಕಳಿಸಿದಳು ಎಂದು ಯಾವ ಮುಖ ಇಟ್ಟುಕೊಂಡು ಕಳಕಮ್ಮನ ಮನೆಗೆ ಹೋಗಲಿ? ಕಾಲು ತಾನಾಗಿ ಪಕ್ಕೀರವ್ವನ ಮನೆ ಹುಡುಕಿತು. ನನ್ನ ಫಾರಂನಲ್ಲಿ ಪಕ್ಕೀರವ್ವನಿಗೆ ಕಾಲಂ ಇರಲಿಲ್ಲ. ಅವಳನ್ನು ಭೇಟಿಯಾಗಿ ಎಂದು ಯಾರೂ ನನಗೆ ಹೇಳಿರಲೂ ಇಲ್ಲ. ಕೈಯಲ್ಲಿ ಅವಳ ಹೆಸರಿನ ರೊಟ್ಟಿ ಇತ್ತು, ಅದಕ್ಕೇ ಹೋದೆ. ಈಗ ನೆನೆದರೂ ನಾಚಿಕೆಯಾಗುತ್ತದೆ.

ಪಕ್ಕೀರವ್ವ ಮೂವತ್ತೈದರ ಗಟ್ಟಿ ಹೆಂಗಸು. ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು. ನಾನು ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅರ್ಜಿ, ಮಾಳಿಗೆ, ನನ್ನ ಗಂಟು, ಮುದುಕಿ ಅದನ್ನು ಊರಿನ ರೊಟ್ಟಿ ಎಂದುಕೊಂಡದ್ದು. ಯಮನೂರನ ಹೆಸರು ಬಂದಾಗ ಅವಳ ಕೈ ಹಿಟ್ಟಿನ ಮೇಲೆ ನಿಂತಿತು. ರೊಟ್ಟಿಯ ಕತೆ ಬಂದಾಗ ನಗು ತಡೆಯಲಾಗದೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

"ಮೇಡಮ್ಮಾರ, ನಿಮಗ ಯಾರರ ಆಫೀಸರ್ ಅಂತಾರೇನ್ರಿ?"

"ಇವತ್ತು ಯಾರೂ ಅನ್ನಬಾರದು" ಎಂದೆ.

ನಗು ಇಳಿದ ಮೇಲೆ ಅವಳು ಹಂಚಿನ ರೊಟ್ಟಿ ತೆಗೆದಿಟ್ಟು ನಿಧಾನವಾಗಿ ಮಾತಾಡಿದಳು. "ಆರು ವರ್ಷದಾಗ ಒಬ್ಬ ಆಫೀಸರ್ ನನ್ನ ಮನೀಗೆ ಬಂದಿಲ್ಲ. ನಿನಗ ಏನ ಅನಿಸ್ತದ ಅಂತ ಒಬ್ಬರೂ ಕೇಳಿಲ್ಲ. ನೀವೂ ರೊಟ್ಟಿ ದಾರಿ ತಪ್ಪಿದ್ದಕ್ಕ ಬಂದೀರಿ." ನಾನು ಗಂಟುಗಳನ್ನು ನೆಲಕ್ಕಿಟ್ಟು ಅವಳ ಎದುರು ಕೂತೆ.

"ಯಂಕವ್ವತ್ತಿ ಮನೀಗೆ ರೊಟ್ಟಿ ಕೊಡಬ್ಯಾಡ್ರಿ ಅಂತ ನಾ ಯಾರಿಗೂ ಹೇಳಿಲ್ರಿ. ಮೊದಲನೇ ವರ್ಷ ನನಗ ಎದ್ದು ಓಡಾಡಾಕ ಆಗ್ತಿದ್ದಿಲ್ಲ. ಎರಡನೇ ವರ್ಷ ಕೊಡೂಣು ಅಂದ್ರ, ಊರಾಗ ಯಾರೂ ಕೊಡವಲ್ರು. ನಾನ ಕೊಟ್ರ ಏನಂತಾರ? ಹಂಗಾರ ಈಕೀಗೆ ಏನೂ ಆಗಿದ್ದಿಲ್ಲ ಬಿಡು, ಸುಳ್ಳು ಕೇಸು ಹಾಕ್ಯಾಳ ಅಂತಾರ. ಅಂಜಿ ಸುಮ್ಮನಾದೆ. ಊರು ನನ್ನ ಮುಖ ನೋಡಿ ಸುಮ್ಮನಾತು, ನಾ ಊರ ಮುಖ ನೋಡಿ ಸುಮ್ಮನಾದೆ. ನನ್ನ ಪರವಾಗಿ ಖರೇ ಮಾತಾಡಿದಾಕಿ ಆಕಿ ಒಬ್ಬಾಕೀನ ನೋಡ್ರಿ."

ಅಷ್ಟು ಹೇಳಿ ಎದ್ದು ಕೈ ತೊಳೆದಳು. ದೊಡ್ಡ ಗಂಗಾಳ ತೆಗೆದು ಐದು ಬಿಸಿ ರೊಟ್ಟಿ, ಮೇಲೆ ಪುಂಡಿಪಲ್ಯ, ಶೇಂಗಾ ಚಟ್ನಿ ಇಟ್ಟಳು. ಯಂಕವ್ವ ಕಳಿಸಿದ ಗಂಟನ್ನು ತನ್ನ ನೆಲುವಿನ ಮೇಲಿಟ್ಟಳು. ಮಿಕ್ಕ ನಾಲ್ಕು ಗಂಟನ್ನು ತೋರಿಸಿ, "ಅವನ್ನ ಹಿಡಕೊಂಡು ನನ್ನ ಹಿಂದ ಬರ್ರಿ" ಎಂದಳು.

ಮೊದಲು ಕಳಕಮ್ಮನ ಬಾಗಿಲು. "ಅಕ್ಕಾ, ಯಂಕವ್ವತ್ತಿ ರೊಟ್ಟಿ ಕಳಿಸ್ಯಾಳ, ಇಸ್ಕೋ." ಕಳಕಮ್ಮ ನನ್ನ ಮುಖ ನೋಡಿದಳು, ಪಕ್ಕೀರವ್ವನ ಮುಖ ನೋಡಿದಳು. ಬೇರೆ ಯಾರೇ ತಂದಿದ್ದರೂ ಬಾಗಿಲು ಹಾಕಿಕೊಳ್ಳುತ್ತಿದ್ದಳು. ಪಕ್ಕೀರವ್ವನೇ ಎದುರು ನಿಂತಾಗ ಬೇಡ ಎನ್ನುವ ಬಾಯಿ ಅವಳಿಗಿರಲಿಲ್ಲ. ಕೈ ಚಾಚಿ ಗಂಟು ತೆಗೆದುಕೊಂಡಳು. ಹೊಳಿಯಮ್ಮ ಸ್ವಲ್ಪ ಗೊಣಗಿದಳು. "ಮಗನ್ನ ಜೈಲಿಗೆ ಕಳಿಸಿದಾಕಿ" ಎಂದು ಶುರು ಮಾಡಿದ್ದಕ್ಕೆ ಪಕ್ಕೀರವ್ವ, "ಕಳಿಸಿದ್ದಕ್ಕ ನಾ ಇವತ್ತು ತಲಿ ಎತ್ತಿ ನಡೀತೀನಿ ಯಕ್ಕಾ" ಎಂದಳು. ಹೊಳಿಯಮ್ಮ ಗಂಟು ಇಸಿದುಕೊಂಡಳು. ಉಳಿದ ಎರಡು ಮನೆ ಸಲೀಸಾದವು. ನಾವು ಊರ ಅಂಚಿಗೆ ಬರುವಷ್ಟರಲ್ಲಿ, ಏನಾಗುವುದೋ ನೋಡೋಣ ಎಂದು ಹತ್ತು ಹದಿನೈದು ಹೆಂಗಸರು ಹಿಂದೆ ಬಂದಿದ್ದರು. ತವರಿಗೆ ಬಂದ ಹೆಣ್ಣುಮಕ್ಕಳು ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಕೆಸರು ದಾಟುತ್ತಿದ್ದರು.

"ಇದು ಹೊಲದ ದಾರಿ" ಎಂದು ಪಕ್ಕೀರವ್ವ ನನಗೆ ಹೇಳಿದಳು. "ಅವ ಊರಾಗ ಇರೂತನ ಅವನ ಕಣ್ಣಿಗೆ ಬೀಳಬಾರದಂತ ನಾ ಹಳ್ಳ ಸುತ್ತಿ ಹೋಗ್ತಿದ್ದೆ. ಜೈಲಿಗೆ ಹ್ವಾದ ಮ್ಯಾಲ ಈ ದಾರಿ ಹಿಡದೀನಿ."

ಯಂಕವ್ವ ಬಾಗಿಲಲ್ಲಿ ನಿಂತಿದ್ದಳು. ಎದುರಿಗೆ ಪಕ್ಕೀರವ್ವ, ಕೈಯಲ್ಲಿ ಗಂಗಾಳ. ಮುದುಕಿ ಕೈ ಚಾಚಲಿಲ್ಲ, ಸೆರಗಿಗೆ ಎರಡು ಸಲ ಕೈ ಒರೆಸಿದಳು.

"ತಗೋ ಅತ್ತಿ, ಪಂಚಮಿ ರೊಟ್ಟಿ."

ತೆಗೆದುಕೊಂಡಳು. ತಿರುಗಿ ಬುಟ್ಟಿ ನೋಡಿದಳು. ಬುಟ್ಟಿ ಖಾಲಿ. ಇದ್ದದ್ದನ್ನೆಲ್ಲ ನನ್ನ ಕೈಗೆ ಕಟ್ಟಿ ಕೊಟ್ಟಿದ್ದಳಲ್ಲ. "ಗಂಗಾಳ ಬರೇದ ಕಳಸಂಗಿಲ್ಲ. ಒಂದೀಟು ಒಳಗ ಬಂದು ಕೂಡು. ಹಿಟ್ಟೈತಿ, ಬಿಸೀವು ಬಡೀತೀನಿ."

ಪಕ್ಕೀರವ್ವ ಹೊಸ್ತಿಲು ನೋಡಿದಳು. ಹಿಂದಿನ ಹೆಂಗಸರು ಇನ್ನಷ್ಟು ಹತ್ತಿರ ಸರಿದರು. ಅದು ಯಮನೂರನ ಮನೆಯೂ ಹೌದು. ನಾನು ಅವಳ ಬದಲಿಗೆ ಹೆದರಿಕೊಂಡೆ. ಅವಳು ಸೀರೆ ತುಸು ಎತ್ತಿ ಒಳಗೆ ಕಾಲಿಟ್ಟಳು. "ಎಳ್ಳು ಕಡಿಮಿ ಹಾಕು ಅತ್ತಿ. ಕಳಕಮ್ಮಕ್ಕನಂಗ ಮಾಡಬ್ಯಾಡ."

"ನನ್ನ ರೊಟ್ಟೀಗೆ ಏನಾಗೈತೇ?" ಎಂದು ಕಳಕಮ್ಮ ಹೊರಗಿನಿಂದ ಕೇಳಿದಳು. ಎಲ್ಲರೂ ನಕ್ಕರು.

ಆ ನಗುವಿನ ನಡುವೆ ನಾನು ಯಂಕವ್ವನ ಹತ್ತಿರ ಕೂತು, ಆಗ ನಾನು ತಂದ ರೊಟ್ಟಿ ಊರಿನವರು ಅವಳಿಗೆ ಕಳಿಸಿದ್ದಲ್ಲ ಎಂದು ಒಪ್ಪಿಕೊಂಡೆ.

"ಗೊತ್ತು" ಎಂದಳು ಹಿಟ್ಟು ನಾದುತ್ತ. "ಪಂಚಮಿ ರೊಟ್ಟಿ ಗಂಗಾಳದಾಗ ಬರ್ತಾವು, ಪೇಪರಿನಾಗ ಯಾರು ಕೊಡ್ತಾರ? ಬಿಚ್ಚೂತನ ನಂಬಿದ್ದೆ. ಆಮ್ಯಾಲ ತಿಳೀತು. ತಿಳದ ಮ್ಯಾಲೂ ಕೈ ಸುಮ್ಮನ ಕೂಡಲಿಲ್ಲ. ಆರು ವರ್ಷದಿಂದ ಕಾಯ್ದಿತ್ತು ಈ ಕೈ."

ಅಷ್ಟರಲ್ಲಿ ಹುಸೇನಪ್ಪ ತೇಗುತ್ತ ಬಂದ. "ಬಸ್ಸಿನ ಹೊತ್ತಾತ್ರಿ ಮೇಡಂ. ತಕರಾರು ಇಲ್ಲ ಅಂತ ಒಂದು ಗೀಚಿ ನಡೀರಿ."

"ಐತಿ" ಎಂದಳು ಪಕ್ಕೀರವ್ವ, ರೊಟ್ಟಿ ಮುರಿಯುತ್ತಲೇ. "ನಂದೈತಿ. ಶಿಕ್ಷಾ ಮುಗಿಸಿ ಬಂದ್ರ ಅದು ಕಾಯ್ದೆ, ಅವತ್ತಿಂದು ಅವತ್ತು ನೋಡ್ತೀನಿ. ಸುಳ್ಳು ಹೇಳಿ ಬರೂದು ಬ್ಯಾಡ. ಬರ್ಕೋರಿ."

ಕಾಲಂ ಇರಲಿಲ್ಲ. ಹಾಳೆಯ ಅಂಚಿನಲ್ಲಿ ಅವಳ ಹೆಸರು ದಪ್ಪಗೆ ಬರೆದು, ಅವಳ ಮಾತನ್ನೆಲ್ಲ ಬರೆದೆ. ಆಮೇಲೆ ಯಂಕವ್ವನತ್ತ ತಿರುಗಿದೆ. ಅವಳು ಹಂಚಿನ ಮೇಲಿನ ರೊಟ್ಟಿಯಿಂದ ಕಣ್ಣು ತೆಗೆಯಲಿಲ್ಲ.

"ಮಗನ್ನ ನೋಡಬೇಕು ಅನಸಂಗಿಲ್ಲ ಅಂದ್ರ ಸುಳ್ಳಾಕ್ಕೈತಿ ತಂಗಿ. ಬಳ್ಳಾರಿಗೆ ಬಸ್ಸೈತಿ, ನಾನ ಹೋಗಿ ನೋಡಿ ಬರ್ತೀನಿ. ನೀ ಹಿಂಗ ಬರಿ. ತಾಯಿ ಗಟ್ಟಿ ಅದಾಳ, ಮಾಳಿಗಿ ಹತ್ತತಾಳ." ತಲೆ ಎತ್ತಿ ಬಾಗಿಲ ತುಂಬ ನಿಂತಿದ್ದ ಹೆಂಗಸರನ್ನು ಒಂದು ಸಲ ನೋಡಿದಳು. "ನೋಡಿಕೊಳ್ಳಾಕ ಮಂದಿ ಅದಾರ ಅಂತ ಬರಿ."

ಹಾಗೇ ಬರೆದೆ, ಒಂದಕ್ಷರ ತಿದ್ದಲಿಲ್ಲ. ಹೆಬ್ಬೆಟ್ಟು ಒತ್ತುವ ಮೊದಲು ಯಂಕವ್ವ ಹಿಟ್ಟಿನ ಕೈ ತೊಳೆಯಲು ಹಿತ್ತಲಿಗೆ ಎದ್ದು ಹೋದಳು. ಹಂಚಿನ ಮೇಲೆ ರೊಟ್ಟಿ ಸೀಯತೊಡಗಿತು. ಹೊರಗೆ ನಿಂತಿದ್ದ ಹೊಳಿಯಮ್ಮ ಎರಡು ಕ್ಷಣ ನೋಡಿದಳು. ಆಮೇಲೆ ಗೊಣಗುತ್ತ ಹೊಸ್ತಿಲು ದಾಟಿ ಒಳಗೆ ಬಂದು ರೊಟ್ಟಿಯನ್ನು ತಿರುವಿ ಹಾಕಿದಳು.